ಮತ್ತು ಸಂಗಡಿಗರು

ನಮ್ಮ ಚಿಕ್ಕಪ್ಪನ ಟ್ರಂಕಿನಲ್ಲಿ ಒಂದು ಕ್ಯಾಸೆಟ್ ಇದೆ. ಮಾದಪ್ಪನ ಹಾಡುಗಳದ್ದು. ಅದನ್ನು ಹಾಕಿ ಕೇಳಲು ಟೇಪ್ ರೆಕಾರ್ಡರ್ ಈಗ ನಮ್ಮ ಕೇರಿಯಲ್ಲಿ ಯಾರ ಮನೆಯಲ್ಲೂ ಇಲ್ಲ. ಆದರೂ ಚಿಕ್ಕಪ್ಪ ಅದನ್ನು ಬಿಸಾಡಿಲ್ಲ. ಸವೆದ ರೀಡು, ಹಳೇ ಬ್ಯಾಂಡ್ ಕೋಟಿನ ಹಿತ್ತಾಳೆ ಗುಂಡಿಗಳು, ರೇಷನ್ ಕಾರ್ಡು, ಇವುಗಳ ಜೊತೆ ಅದನ್ನೂ ಇಟ್ಟುಕೊಂಡಿದ್ದಾನೆ.

ಕ್ಯಾಸೆಟ್ಟಿನ ಮೇಲೆ ಹಾಡಿದವರ ಫೋಟೋ ಇದೆ. ಸಂಗೀತ ನಿರ್ದೇಶಕರ ಹೆಸರಿದೆ. ಕಂಪನಿಯ ಹೆಸರು ಎರಡು ಕಡೆ ಇದೆ. ಬೆಲೆ ಇದೆ. ಎಲ್ಲಕ್ಕಿಂತ ಕೆಳಗೆ, ಕಣ್ಣು ಕಿರಿದು ಮಾಡಿ ಓದಬೇಕಾದಷ್ಟು ಸಣ್ಣ ಅಕ್ಷರದಲ್ಲಿ 'ಮತ್ತು ಸಂಗಡಿಗರು' ಅಂತ ಇದೆ. ಆ ಸಂಗಡಿಗರಲ್ಲಿ ನಮ್ಮ ಚಿಕ್ಕಪ್ಪ ಒಬ್ಬ. ಎಂಟು ಹಾಡುಗಳಲ್ಲಿ ಐದಕ್ಕೆ ಅವನು ಸ್ಯಾಕ್ಸೋಫೋನ್ ಊದಿದ್ದಾನೆ. ಬಸ್ ಚಾರ್ಜು, ಮಧ್ಯಾಹ್ನದ ಊಟ, ನೂರು ರೂಪಾಯಿ ಕೊಟ್ಟು ಕಳಿಸಿದ್ದರು. ಕ್ಯಾಸೆಟ್ಟನ್ನು ಅವನು ಅಂಗಡಿಯಲ್ಲಿ ದುಡ್ಡು ಕೊಟ್ಟೇ ತಂದ.

ಆಗ ನಾನು ಹನೂರಿನಲ್ಲಿ ಹೈಸ್ಕೂಲು ಓದುತ್ತಿದ್ದೆ. ಚಿಕ್ಕಪ್ಪನಿಗೆ ಅಕ್ಷರ ಬಾರದು. ಕ್ಯಾಸೆಟ್ ಕೈಗೆ ಕೊಟ್ಟು, 'ನನ್ನೆಸ್ರು ಎಲ್ಲದ ನೋಡು ಮೊಗ' ಅಂದ. ನಾನು ಹುಡುಕಿದೆ. ಹಿಂದೆ ಮುಂದೆ ತಿರುಗಿಸಿದೆ. ಒಳಗಿನ ಕಾಗದ ಬಿಡಿಸಿದೆ. ಕೊನೆಗೆ 'ಮತ್ತು ಸಂಗಡಿಗರು' ಅನ್ನುವುದರ ಮೇಲೆ ಬೆರಳಿಟ್ಟು, 'ಇಲ್ಲದ ಚಿಕ್ಕಪ್ಪ' ಅಂದೆ. ಅವನು ಆ ಅಕ್ಷರಗಳನ್ನು ಬೆರಳಿಂದ ಸವರಿದ. ಟ್ರಂಕಿಗೆ ಹಾಕಿದ. ನಾನು ಹೇಳಿದ ಆ ಸುಳ್ಳು ಮೂವತ್ತು ವರ್ಷದಿಂದ ಆ ಟ್ರಂಕಿನಲ್ಲಿದೆ.

ಗೆಳೆಯರೇ, ಸ್ಯಾಕ್ಸೋಫೋನು ನಮ್ಮ ಕೇರಿಗೆ ಹೇಗೆ ಬಂತು ಅಂತ ನೀವು ಕೇಳಬಹುದು. ಅದು ಬಂದದ್ದು ತಮಟೆಯ ಕಾರಣದಿಂದ.

ನಮ್ಮ ತಾತ ತಮಟೆ ಬಾರಿಸುತ್ತಿದ್ದ. ಊರಹಬ್ಬ, ಮಾರಿಹಬ್ಬ, ಕೊಂಡ, ಮೇಲಿನ ಬೀದಿಯ ಹೆಣ, ಎಲ್ಲಕ್ಕೂ ತಾತನ ತಮಟೆ. ಹುಲ್ಲಿಗೆ ಬೆಂಕಿ ಹಾಕಿ ತಮಟೆ ಕಾಯಿಸಿಕೊಂಡು ದೇವರ ಮುಂದೆ ಅವನೇ ನಡೆಯಬೇಕು. ದೇವರು ಗುಡಿಯೊಳಗೆ ಹೋದ ಮೇಲೆ ತಾತ ಹೊರಗೆ. ಹೆಣ ಎತ್ತುವಾಗ ಅವನು ಬೇಕು, ತಿಥಿಯ ಊಟಕ್ಕೆ ಎಲ್ಲರೂ ಉಂಡು ಎದ್ದ ಮೇಲೆ ಅವನಿಗೆ ದೂರದಿಂದ ಬಡಿಸಬೇಕು. ಕೂಲಿ ಅನ್ನುವ ಮಾತೇ ಇರಲಿಲ್ಲ. ಅದು ಬಿಟ್ಟಿ ಚಾಕರಿ. ಜ್ವರ ಬಂದು ಮಲಗಿದ್ದಾಗಲೂ 'ಬರಾಕಿಲ್ಲ ಬುದ್ದಿ' ಅನ್ನುವ ಹಾಗಿರಲಿಲ್ಲ.

ದಲಿತ ಸಂಘರ್ಷ ಸಮಿತಿಯ ಹುಡುಗರು ನಮ್ಮ ಕಡೆ ಕೇರಿ ಕೇರಿಗೆ ಬಂದು ಸಭೆ ಮಾಡಿದ ಕಾಲದಲ್ಲಿ ತಮಟೆಯ ಮಾತು ಬಂತು. 'ಹೆಣದ ಮುಂದೆ ಬಾರಿಸಬೇಡಿ, ಅದು ಗುಲಾಮಗಿರಿ' ಅಂದರು. ನಮ್ಮ ಚಿಕ್ಕಪ್ಪ ಆಗ ಪ್ರಾಯದವನು. ತಾತನ ತಮಟೆಯನ್ನು ಅಟ್ಟಕ್ಕೆ ಹಾಕಿದ. ಆದರೆ ಕೈಯಲ್ಲಿದ್ದ ಲಯ ಅಟ್ಟಕ್ಕೆ ಹೋಗಲಿಲ್ಲ. ಕೊಳ್ಳೇಗಾಲದಲ್ಲಿ ಒಬ್ಬ ಸಾಬರ ಬ್ಯಾಂಡ್ ಸೆಟ್ ಇತ್ತು. ಅಲ್ಲಿ ಹೋಗಿ ಸೈಡ್ ಡ್ರಮ್ಮಿಗೆ ಸೇರಿಕೊಂಡ. ಮೇಷ್ಟ್ರು ಸಾಬರು ಇವನ ಉಸಿರಿನ ಉದ್ದ ನೋಡಿ ಸ್ಯಾಕ್ಸೋಫೋನ್ ಕೊಟ್ಟರು. ಎರಡು ವರ್ಷ ಬಿಟ್ಟು, ಬಣ್ಣ ಹೋದ, ಎರಡು ಕಡೆ ಬೆಸುಗೆ ಹಾಕಿದ ಒಂದು ಹಳೇ ವಾದ್ಯವನ್ನು ಸಾಲ ಮಾಡಿ ತಾನೇ ಕೊಂಡ.

ಯಾಕೆ ಬಿಟ್ಟೆ ಅದನ್ನ, ಯಾಕೆ ಹಿಡಿದೆ ಇದನ್ನ ಅಂತ ಒಮ್ಮೆ ಕೇಳಿದೆ. ಚಿಕ್ಕಪ್ಪ ಹೇಳಿದ್ದು ಇಷ್ಟೇ: 'ತಮಟಗ ಅಪ್ಪಣ ಮಾಡ್ತರ. ಬ್ಯಾಂಡ್ಗ ಅಡ್ವಾನ್ಸ್ ಕೊಡ್ತರ.'

ಈ ವಾದ್ಯವನ್ನು ಮಾಡಿದವನು ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್. 1846ರಲ್ಲಿ ಪೇಟೆಂಟ್ ಪಡೆದ. ಮಿಲಿಟರಿ ಬ್ಯಾಂಡುಗಳಲ್ಲಿ ಅದು ಊರೂರು ಸುತ್ತಿತು. ಮೈಸೂರು ಅರಮನೆಯ ಬ್ಯಾಂಡಿಗೂ ಬಂತು. ದಕ್ಷಿಣ ಕನ್ನಡದ ಒಬ್ಬ ಹುಡುಗ ಆ ಅರಮನೆ ಬ್ಯಾಂಡಿನಲ್ಲಿ ಇದನ್ನು ಕೇಳಿ ಮರುಳಾದ. ಅವರಪ್ಪ ನಾದಸ್ವರ ಊದುವವರು. ನಾದಸ್ವರ ಬಲ್ಲ ಮಗ ಸ್ಯಾಕ್ಸೋಫೋನ್ ಹಿಡಿದ. ಕರ್ನಾಟಕ ಸಂಗೀತದ ಗಮಕ ಇಂಥ ಕೀಲಿ ವಾದ್ಯದಲ್ಲಿ ಬರುವುದಿಲ್ಲ ಅಂದವರಿದ್ದರು. ಅವರು ವಾದ್ಯವನ್ನೇ ಬಿಚ್ಚಿ ತಮಗೆ ಬೇಕಾದಂತೆ ತಿದ್ದಿಕೊಂಡು ವರ್ಷಗಟ್ಟಲೆ ಸಾಧನೆ ಮಾಡಿದರು. ಅವರೇ ಕದ್ರಿ ಗೋಪಾಲನಾಥ್. 1949ರಲ್ಲಿ ಹುಟ್ಟಿದವರು, 2019ರಲ್ಲಿ ತೀರಿಕೊಂಡರು. 1980ರಲ್ಲಿ ಬೊಂಬಾಯಿಯ ಜಾಝ್ ಉತ್ಸವದಲ್ಲಿ ಅವರು ನುಡಿಸುವುದನ್ನು ಕೇಳಿದ ಅಮೆರಿಕದ ಕರಿಯ ಸ್ಯಾಕ್ಸೋಫೋನ್ ವಾದಕ ಜಾನ್ ಹ್ಯಾಂಡಿ, 'ನಿಮ್ಮ ಜೊತೆ ನಾನೂ ನುಡಿಸಬಹುದೇ' ಅಂತ ಕೇಳಿ ವೇದಿಕೆ ಹತ್ತಿದರಂತೆ.

ನಮ್ಮ ಚಿಕ್ಕಪ್ಪನಿಗೆ ಕದ್ರಿಯವರು ಅಂದರೆ ದೇವರು. ರೇಡಿಯೋದಲ್ಲಿ ಅವರ ಕಚೇರಿ ಬಂದರೆ ಉಣ್ಣುವ ತಟ್ಟೆ ಬಿಟ್ಟು ಏಳುತ್ತಿದ್ದ. ಹಾಗಾಗಿ ಬೆಂಗಳೂರಿನಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕದ್ರಿಯವರ ಹೆಸರಿರುವ ಒಂದು ಜಾಝ್ ಆಲ್ಬಮ್ಮನ್ನು ನನ್ನ ಫೋನಿಗೆ ಕಳಿಸಿದಾಗ, ಅದನ್ನು ತೆಗೆದುಕೊಂಡು ಸೀದಾ ಚಿಕ್ಕಪ್ಪನ ಜಗುಲಿಗೆ ಹೋದೆ.

ಆಲ್ಬಮ್ಮಿನ ಹೆಸರು 'ಕಿನ್ಸ್‌ಮೆನ್'. 2008ರಲ್ಲಿ ಅಮೆರಿಕದಲ್ಲಿ ಬಂದದ್ದು. ಮಾಡಿದವರು ರುದ್ರೇಶ್ ಮಹಾಂತಪ್ಪ. ಹೆಸರು ನೋಡಿದರೆ ನಮ್ಮ ಪಕ್ಕದೂರಿನವರು ಅನ್ನಿಸುತ್ತದೆ. ತಂದೆ ತಾಯಿ ಭಾರತದಿಂದ ಅಮೆರಿಕಕ್ಕೆ ಹೋದವರು. ಇವರು ಹುಟ್ಟಿದ್ದು 1971ರಲ್ಲಿ ಇಟಲಿಯ ಟ್ರಿಯೆಸ್ಟ್ ನಗರದಲ್ಲಿ, ಬೆಳೆದದ್ದು ಅಮೆರಿಕದ ಕೊಲೊರಾಡೊದಲ್ಲಿ. ಕಲಿತದ್ದು ಜಾಝ್. ಇವರು ಕಾಲೇಜಿನಲ್ಲಿದ್ದಾಗ ಅಣ್ಣ ತಮಾಷೆಗೆಂದು ಕದ್ರಿಯವರ ಒಂದು ರೆಕಾರ್ಡಿಂಗ್ ತಂದುಕೊಟ್ಟರಂತೆ. ಇಂಡಿಯಾದ ಸ್ಯಾಕ್ಸೋಫೋನ್ ಅಂದರೆ ನಗೆಪಾಟಲು ಅಂತ. ಹಾಕಿ ಕೇಳಿದ ಮೇಲೆ ತಮಾಷೆ ನಿಂತುಹೋಯಿತು. ಮುಂದೆ ಆ ಹಿರಿಯರನ್ನೇ ಜೊತೆಗೆ ಕೂರಿಸಿಕೊಂಡು ಈ ಆಲ್ಬಮ್ ಮಾಡಿದರು.

ಅದರಲ್ಲಿ ಏಳು ಜನ. ಎರಡು ಸ್ಯಾಕ್ಸೋಫೋನ್, ಕದ್ರಿಯವರದ್ದು ಮತ್ತು ಮಹಾಂತಪ್ಪನವರದ್ದು. ಪಿಟೀಲು ಎ. ಕನ್ಯಾಕುಮಾರಿ. ಮೃದಂಗ ಪೂವಲೂರು ಶ್ರೀಜಿ. ಗಿಟಾರ್ ರೆಜ್ ಅಬ್ಬಾಸಿ, ಪಾಕಿಸ್ತಾನದ ಕರಾಚಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದವರು. ಬಾಸ್ ಕಾರ್ಲೊ ಡಿ ರೋಸಾ, ಡ್ರಮ್ಸ್ ರಾಯಲ್ ಹಾರ್ಟಿಗನ್. ಕನ್ನಡದ ಹೆಸರಿನ ಅಮೆರಿಕದವರು, ಕರಾವಳಿಯವರು, ಕರಾಚಿಯವರು, ತೆಂಕಣದವರು, ಅಮೆರಿಕದ ಜಾಝಿನವರು. ಎರಡು ಸ್ಯಾಕ್ಸೋಫೋನುಗಳು ಒಂದು ಕೇಳುತ್ತದೆ, ಇನ್ನೊಂದು ಹೇಳುತ್ತದೆ. ಗಿಟಾರಿನವರಿಗೆ ಸರದಿ ಬಂದಾಗ ಉಳಿದವರು ತಗ್ಗುತ್ತಾರೆ. ಜಾಝಿನಲ್ಲಿ ಇದು ಪದ್ಧತಿ. ರಾಗದ ಎಲ್ಲೆ, ತಾಳದ ಎಲ್ಲೆ ಎಲ್ಲರಿಗೂ ಗೊತ್ತು. ಅದರೊಳಗೆ ಒಬ್ಬೊಬ್ಬರಿಗೂ ಒಂದು ಸರದಿ. ಸರದಿ ಬಂದಾಗ ಅವರು ತಮ್ಮ ಮಾತನ್ನು ತಾವೇ ಹುಟ್ಟಿಸಿ ಹೇಳಬೇಕು. ಬರೆದುಕೊಟ್ಟದ್ದನ್ನು ಒಪ್ಪಿಸುವುದಲ್ಲ.

ಚಿಕ್ಕಪ್ಪ ಕಣ್ಣು ಮುಚ್ಚಿ ಕೇಳಿದ. 'ಇಬ್ರು ಊದ್ತಾವ್ರ. ದೊಡ್ಡೋರು ಕದ್ರಿಯೋರು. ಇನ್ನೊಬ್ಬ ಯಾವ ಮೊಗ?' ಅಂದ. ಹೇಳಿದೆ. ಹೆಸರಿನ ಅರ್ಥ ಕೇಳಿದ. 'ಒಂದೇ ವಂಶದೋರು, ನೆಂಟರು ಅಂತ ಚಿಕ್ಕಪ್ಪ' ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವನು ಅಂದ: 'ನೆಂಟ್ರಾ? ನೆಂಟ್ರು ಅಂದಮ್ಯಾಲ ಉಣ್ಣಕ್ಕ ಒಳಕ್ಕ ಕರೀಬೇಕಲ್ಲ.'

ಅವನು ಯಾವುದನ್ನು ನೆನೆದು ಹಾಗೆ ಅಂದ ಅನ್ನುವುದು ನನಗೆ ಗೊತ್ತು. ಎಷ್ಟು ದಿಬ್ಬಣಗಳ ಮುಂದೆ ಅವನು ಊದಿಲ್ಲ! ಗಂಡಿನ ಕುದುರೆಗಿಂತ ಮುಂದೆ ಅವನು. ಛತ್ರದ ಬಾಗಿಲವರೆಗೆ ಅವನದೇ ಮೆರವಣಿಗೆ. ಆಮೇಲೆ 'ಬ್ಯಾಂಡಿನೋರು ಹಿಂದ್ಗಡೆ ಬನ್ನಿ.' ಪಾತ್ರೆ ತೊಳೆಯುವ ಕಡೆ, ಕಡೇ ಪಂಕ್ತಿ ಮುಗಿದ ಮೇಲೆ ಎಲೆ. ಅಡ್ವಾನ್ಸ್ ಕೊಟ್ಟವರೂ ಹಿಂದಿನ ಬಾಗಿಲನ್ನೇ ತೋರಿಸಿದರು.

ಮಹಾಂತಪ್ಪನವರ ಬಗ್ಗೆ ಇನ್ನೊಂದು ಸಂಗತಿ ಓದಿದೆ. ಅಮೆರಿಕದಲ್ಲಿ ಅವರ ಬಣ್ಣ, ಹೆಸರು ನೋಡಿದವರು 'ನಿನಗೆ ಇಂಡಿಯಾದ ಸಂಗೀತ ಬಂದೇ ಬರುತ್ತದೆ' ಅಂದುಕೊಳ್ಳುತ್ತಿದ್ದರಂತೆ. ಅವರಿಗೋ ಅದು ಬರುತ್ತಿರಲಿಲ್ಲ. ಓದಿ ನನಗೆ ಸಂಕಟವೂ ಆಯಿತು, ನಗುವೂ ಬಂತು. ನಾನು ಟಿ.ಸಿ.ಎಚ್. ಓದುವಾಗ ಕಾಲೇಜಿನ ವಾರ್ಷಿಕೋತ್ಸವಕ್ಕೆ ಯಾರ್ಯಾರು ಏನೇನು ಮಾಡಬೇಕು ಅಂತ ಪಟ್ಟಿ ಹಾಕಿದರು. ನಾನು ಚರ್ಚಾಸ್ಪರ್ಧೆಗೆ ಹೆಸರು ಕೊಟ್ಟಿದ್ದೆ. ಬೋರ್ಡಿನ ಮೇಲೆ ನನ್ನ ಹೆಸರಿನ ಮುಂದೆ 'ತಮಟೆ' ಅಂತ ಇತ್ತು. ನನಗೆ ಬಾರಿಸಲು ಬರುವುದಿಲ್ಲ ಸಾರ್ ಅಂದೆ. 'ನಿಮಗೆಲ್ಲ ರಕ್ತದಲ್ಲೇ ಇರ್ತದಲ್ಲಯ್ಯ' ಅಂದರು. ಬೈದು ಹೇಳಿದ್ದಲ್ಲ. ಪ್ರೀತಿಯಿಂದಲೇ ಹೇಳಿದರು. ಅದಕ್ಕೇ ಉತ್ತರ ಕೊಡಲಾಗದೆ ನಿಂತೆ.

ರಕ್ತದಲ್ಲಿ ಇರುವುದು ಬೇರೆ, ಬೆನ್ನ ಮೇಲೆ ಹೊರಿಸಿದ್ದು ಬೇರೆ. ಇದನ್ನು ಅಮೆರಿಕದ ಕರಿಯ ಬಂಧುಗಳ ಕಥೆಯಿಂದ ಕಲಿತೆ. ದಕ್ಷಿಣ ಕೆರೊಲಿನಾದಲ್ಲಿ 1739ರಲ್ಲಿ ಗುಲಾಮರು ದಂಗೆ ಎದ್ದರು. ಡೋಲು ಬಾರಿಸಿಕೊಂಡು ಹೊರಟರು, ದಾರಿಯಲ್ಲಿ ಜನ ಸೇರಿಕೊಂಡರು. ದಂಗೆಯನ್ನು ಹೊಸಕಿ ಹಾಕಿದ ಧಣಿಗಳು 1740ರಲ್ಲಿ ಕಾನೂನು ತಂದರು. ಗುಲಾಮರು ಡೋಲು ಬಾರಿಸಬಾರದು, ಕೊಂಬು ಊದಬಾರದು ಅಂತ. ನೋಡಿ, ಅಲ್ಲಿ ಬಾರಿಸಬೇಡ ಅಂದರು. ಇಲ್ಲಿ ಬಾರಿಸಲೇಬೇಕು ಅಂದರು. ಎರಡು ಕಡೆಯೂ ಡೋಲಿನ ಶಕ್ತಿ ಧಣಿಗಳಿಗೆ ಚೆನ್ನಾಗಿ ಗೊತ್ತಿತ್ತು.

ಗುಲಾಮಗಿರಿ ಹೋದ ಮೇಲೆ ನ್ಯೂ ಆರ್ಲಿಯನ್ಸ್ ಊರಿನಲ್ಲಿ ಆ ಜನ ಹಿತ್ತಾಳೆ ವಾದ್ಯಗಳನ್ನು ಹಿಡಿದರು. ಬ್ಯಾಂಡ್ ಕಟ್ಟಿದರು. ಅಲ್ಲೂ ಹೆಣದ ಮುಂದೆ ಬ್ಯಾಂಡು. ಆದರೆ ಅದು ತಮ್ಮವರ ಹೆಣ. ಮಣ್ಣಿಗೆ ಹೋಗುವಾಗ ನಿಧಾನ, ಮಣ್ಣು ಮಾಡಿ ಬರುವಾಗ ಕುಣಿತ. ಜಾಝ್ ಹುಟ್ಟಿದ್ದು ಇಂಥ ಬೀದಿಗಳಲ್ಲಿ. ಆದರೆ ಜಾಝಿನ ಮೊದಲ ರೆಕಾರ್ಡು ಎನ್ನುವ ಹೆಸರು ಹೋದದ್ದು 1917ರಲ್ಲಿ ನುಡಿಸಿದ ಒಂದು ಬಿಳಿಯರ ತಂಡಕ್ಕೆ. ಹುಟ್ಟಿಸಿದವರು ಬೀದಿಯಲ್ಲಿದ್ದರು, ಹೆಸರು ಲೇಬಲ್ಲಿಗೆ ಹೋಯಿತು.

ಗಿಟಾರಿನ ಕಥೆ ಇನ್ನೂ ಹತ್ತಿರದ್ದು. ಚಾರ್ಲಿ ಕ್ರಿಶ್ಚಿಯನ್ ಅಂತ ಒಬ್ಬ ಕರಿಯ ಹುಡುಗ. ಅಪ್ಪನಿಗೆ ಕಣ್ಣಿಲ್ಲ. ಮಕ್ಕಳು ಅಪ್ಪನನ್ನು ಕೈ ಹಿಡಿದು ಬೀದಿ ಬೀದಿ ಕರೆದುಕೊಂಡು ಹೋಗಿ ನುಡಿಸಿ ಕಾಸು ಕೂಡಿಸುತ್ತಿದ್ದರು. ನಮ್ಮ ಕಡೆ ತಂಬೂರಿ ಹಿಡಿದು ಮನೆ ಮನೆ ಮುಂದೆ ಹಾಡುವ ನೀಲಗಾರರನ್ನು ನೆನೆಸಿಕೊಳ್ಳಿ. 1939ರಲ್ಲಿ ಅವನನ್ನು ಬೆನ್ನಿ ಗುಡ್‌ಮನ್ ಎಂಬ ಹೆಸರಾಂತ ಬಿಳಿಯ ಬ್ಯಾಂಡ್ ನಾಯಕನ ಮುಂದೆ ತಂದು ನಿಲ್ಲಿಸಿದರು. ನಾಯಕನಿಗೆ ಮನಸ್ಸಿಲ್ಲ. ರಾತ್ರಿ ಹೋಟೆಲಿನಲ್ಲಿ ಕಾರ್ಯಕ್ರಮ ನಡೆಯುವಾಗ ಗೆಳೆಯರು ಚಾರ್ಲಿಯನ್ನೂ ಅವನ ಪೆಟ್ಟಿಗೆಯನ್ನೂ ಅಡುಗೆಮನೆಯ ಬಾಗಿಲಿಂದ ಒಳಗೆ ತಂದು ವೇದಿಕೆಯ ಮೇಲೆ ಕೂರಿಸಿಬಿಟ್ಟರು. ಗುಡ್‌ಮನ್ ಒಂದು ಹಾಡು ಹೇಳಿದ, ಇವನಿಗೆ ಬರಲಾರದು ಅಂತ. ಮೂರು ನಿಮಿಷದ ಹಾಡು ಮುಕ್ಕಾಲು ಗಂಟೆಯ ತನಕ ನಡೆಯಿತಂತೆ. ಗಿಟಾರಿನವನು ಪ್ರತಿ ಸುತ್ತಿನಲ್ಲೂ ಹೊಸದು ಹೇಳುತ್ತಲೇ ಹೋದ. ಅಲ್ಲಿಯವರೆಗೆ ಗಿಟಾರು ಬಹುಮಟ್ಟಿಗೆ ಹಿಂದೆ ಕೂತು ತಾಳ ಕೊಡುವ ವಾದ್ಯ. ಅವನು ಅದನ್ನು ಮುಂದಕ್ಕೆ ತಂದ. ಸುಮಾರು ಎರಡು ವರ್ಷ ರೆಕಾರ್ಡುಗಳಲ್ಲಿ ನುಡಿಸಿ, ಕ್ಷಯ ಬಂದು 1942ರಲ್ಲಿ ಸತ್ತ. ಇಪ್ಪತ್ತೈದು ವಯಸ್ಸು.

ಈ ಕಥೆ ಹೇಳಿದಾಗ ಚಿಕ್ಕಪ್ಪ ಕೇಳಿದ್ದು ಒಂದೇ ಪ್ರಶ್ನೆ. 'ಅಡುಗಮನ ಬಾಗ್ಲಿಂದ ಬಂದವ ವಾಪಸ್ ಹೋದದ್ದು ಯಾವ ಬಾಗ್ಲಿಂದ?' ನನ್ನಲ್ಲಿ ಉತ್ತರ ಇರಲಿಲ್ಲ.

ಹೋದ ವರ್ಷ ಏಪ್ರಿಲ್ 14ಕ್ಕೆ ಮುಂಚೆ ನಮ್ಮ ಕೇರಿಯ ಹುಡುಗರಿಗೆ ಒಂದು ಆಸೆ ಬಂತು. ಅಂಬೇಡ್ಕರ್ ಜಯಂತಿಗೆ ಪ್ರತಿವರ್ಷ ಯಾರದೋ ಹಾಡು ಹಾಕಿ ಕುಣಿಯುತ್ತೇವೆ, ಈ ಸಲ ನಮ್ಮದೇ ಆರು ಹಾಡು ರೆಕಾರ್ಡ್ ಮಾಡಿಸೋಣ ಅಂತ. ಚಂದಾ ಎತ್ತಿದರು. ಚಿಕ್ಕಪ್ಪನ ಬ್ಯಾಂಡು, ಕಂಸಾಳೆಯ ಇಬ್ಬರು, ಹಾಡಲು ನಮ್ಮ ಶಾಲೆಯ ಬಿಸಿಯೂಟದ ಅಕ್ಕ. 'ಒಂದು ಗಿಟಾರ್ ಇದ್ರೆ ಚೆನ್ನಾಗಿರ್ತದೆ ಮೇಷ್ಟ್ರೇ' ಅಂದರು. ಗಿಟಾರ್ ನಮ್ಮ ಕೇರಿಯಲ್ಲಿ ಎಲ್ಲಿ? ಮಾರ್ಟಳ್ಳಿ ಕಡೆ ತಮಿಳು ಮಾತಾಡುವ ಕ್ರೈಸ್ತರು ಬಹಳ ಇದ್ದಾರೆ. ಅಲ್ಲಿನ ಚರ್ಚಿನಲ್ಲಿ ನುಡಿಸುವ ಒಬ್ಬ ಹುಡುಗ ಬರಲು ಒಪ್ಪಿದ.

ಜಗಳ ಅವನಿಂದ ಬರಲಿಲ್ಲ, ನಮ್ಮಲ್ಲೇ ಹುಟ್ಟಿತು. ತಮಟೆ ಬೇಕೋ ಬೇಡವೋ ಅಂತ. ಬಿಟ್ಟದ್ದನ್ನು ಮತ್ತೆ ಯಾಕೆ ಹಿಡೀಬೇಕು ಅಂದವರು ಹಿರಿಯರು. ಯಾರ ಅಪ್ಪಣೆಯೂ ಇಲ್ಲದೆ ನಮಗೆ ನಾವೇ ಬಾರಿಸಿಕೊಂಡರೆ ತಪ್ಪೇನು ಅಂದವರು ಹುಡುಗರು. ಕೊನೆಗೆ ಬಾರಿಸುವವರು ಯಾರು ಅಂದಾಗ ಎಲ್ಲರೂ ತಲೆ ತಗ್ಗಿಸಿದರು. ನಮ್ಮವರ ಕೈ ತಪ್ಪಿಹೋಗಿತ್ತು. ಚೆನ್ನಾಗಿ ಬಾರಿಸುತ್ತಿದ್ದವರು ಪಕ್ಕದೂರಿನ ಮಾದಿಗರ ಕೇರಿಯ ಒಬ್ಬ ಅಜ್ಜ. 'ಅವ್ರನ್ನ ಕರ‍್ಯದಾ?' ಅಂತ ನಮ್ಮವರಲ್ಲೇ ಒಬ್ಬರು ಮುಖ ಗಂಟಿಕ್ಕಿದರು. ಮೇಲಿನ ಬೀದಿಯವರು ನಮಗೆ ತೋರಿಸುವ ಮುಖ ಅದೇ. ನಾವು ಯಾವಾಗ ಅದನ್ನು ಕಲಿತುಕೊಂಡೆವು? ಚಿಕ್ಕಪ್ಪ ಮಾತಾಡಲಿಲ್ಲ. ಸೈಕಲ್ ಹತ್ತಿ ಹೋಗಿ ಆ ಅಜ್ಜನಿಗೆ ಎಲೆ ಅಡಿಕೆ ಕೊಟ್ಟು ಕರೆದು ಬಂದ. ಅಡ್ವಾನ್ಸೂ ಕೊಟ್ಟ.

ಮೈಸೂರಿನ ಒಂದು ಸಣ್ಣ ಸ್ಟುಡಿಯೋ. ಅಲ್ಲಿಯ ಹುಡುಗ ಒಬ್ಬೊಬ್ಬರೇ ಒಳಗೆ ಬನ್ನಿ ಅಂದ. ಕಿವಿಗೆ ಹೆಡ್‌ಫೋನ್, ಅದರಲ್ಲಿ ಟಿಕ್ ಟಿಕ್ ಶಬ್ದ. ಅದಕ್ಕೆ ಸರಿಯಾಗಿ ಗಿಟಾರ್ ಮೊದಲು, ಆಮೇಲೆ ಸ್ಯಾಕ್ಸೋಫೋನ್, ಆಮೇಲೆ ತಮಟೆ. ಎಲ್ಲ ಕೂಡಿಸುವ ಕೆಲಸ ಅವನ ಕಂಪ್ಯೂಟರಿನದು. ಚಿಕ್ಕಪ್ಪ ಮೂರು ಸಲ ಊದಿ ಮೂರು ಸಲವೂ ತಪ್ಪಿದ. ನಲವತ್ತು ವರ್ಷ ಊದಿದವನು ಬೆವತುಹೋದ. ಹೆಡ್‌ಫೋನ್ ತೆಗೆದಿಟ್ಟು, 'ಮೊಖ ಕಾಣ್ದೆ ಎಂಗ್ ಊದದು ಮೊಗ?' ಅಂದ. ಸ್ಟುಡಿಯೋದ ಹುಡುಗ ಒಳ್ಳೆಯವನು. ಯೋಚನೆ ಮಾಡಿ, ಎಲ್ಲರನ್ನೂ ಒಂದೇ ರೂಮಿನಲ್ಲಿ ಕೂರಿಸಿದ. ತಮಟೆ ಜೋರು ಅಂತ ಅಜ್ಜನನ್ನು ಬಾಗಿಲ ಹತ್ತಿರ ಕೂರಿಸಿ, ಮುಖ ಕಾಣುವ ಹಾಗೆ ಬಾಗಿಲು ತೆರೆದಿಟ್ಟ.

ಮಾರ್ಟಳ್ಳಿಯ ಹುಡುಗ ಚಿಕ್ಕಪ್ಪನ ಶ್ರುತಿಗೆ ಗಿಟಾರ್ ಹೊಂದಿಸಿಕೊಳ್ಳಲು ಅರ್ಧ ಗಂಟೆ ಒದ್ದಾಡಿದ. ಒಬ್ಬರ ಕನ್ನಡ ಒಬ್ಬರಿಗೆ ಅರ್ಧ ಅರ್ಥ. ಕಡೆಗೆ ಮಾತು ಬಿಟ್ಟು ಚಿಕ್ಕಪ್ಪ ಒಂದು ಸ್ವರ ಊದಿ ಹಿಡಿದ. ಹುಡುಗ ತಂತಿ ಎಳೆದು ಎಳೆದು ಅಲ್ಲಿಗೆ ಬಂದು ಸೇರಿದ. ಮೂರನೆಯ ಹಾಡಿನ ನಡುವೆ ಚಿಕ್ಕಪ್ಪ ಊದುವುದನ್ನು ನಿಲ್ಲಿಸಿ, ಗದ್ದ ಎತ್ತಿ ಆ ಹುಡುಗನಿಗೆ ಸನ್ನೆ ಮಾಡಿದ. ಮೊದಲೇ ಮಾತಾಡಿಕೊಂಡದ್ದಲ್ಲ. ಹುಡುಗ ಗಾಬರಿಯಾದ. ಆಮೇಲೆ ಚರ್ಚಿನಲ್ಲಿ ಕಲಿತ ಏನನ್ನೋ ನಮ್ಮ ತಾಳಕ್ಕೆ ಕೂರಿಸಿ ನುಡಿಸಿದ. ಬಾಗಿಲಲ್ಲಿದ್ದ ಅಜ್ಜ 'ಹಾಂ!' ಅಂದ. ಆ 'ಹಾಂ' ಕೂಡ ರೆಕಾರ್ಡ್ ಆಗಿದೆ. ತೆಗೆಯಬೇಡ ಅಂದೆವು.

ಮಧ್ಯಾಹ್ನ ಊಟಕ್ಕೆ ಕೂತಾಗ ಆ ಅಜ್ಜ ಅಭ್ಯಾಸಬಲದಿಂದ ಸ್ವಲ್ಪ ದೂರ ಕೂತರು. ಚಿಕ್ಕಪ್ಪ ತನ್ನ ತಟ್ಟೆ ಎತ್ತಿಕೊಂಡು ಹೋಗಿ ಅವರ ಪಕ್ಕ ಕೂತ. ಗಿಟಾರಿನ ಹುಡುಗನೂ ಎದ್ದು ಹೋಗಿ ಕೂತ. ನಮ್ಮ ಹನೂರು ಸೀಮೆಯ ಚಿಕ್ಕಲ್ಲೂರು ಜಾತ್ರೆಯಲ್ಲಿ ನಾಲ್ಕನೆಯ ದಿನ ಪಂಕ್ತಿ ಸೇವೆ ಅಂತ ನಡೆಯುತ್ತದೆ. ಸಿದ್ದಪ್ಪಾಜಿಯ ಒಕ್ಕಲು ಜಾತಿ ನೋಡದೆ ಸಾಲಾಗಿ ಕೂತು ಬಾಡೂಟ ಉಣ್ಣುವ ದಿನ. ವರ್ಷಕ್ಕೆ ಒಂದು ದಿನ. ಇದೇ ಚಾಮರಾಜನಗರ ಜಿಲ್ಲೆಯ ಹೆಗ್ಗೊಠಾರ ಗ್ರಾಮದಲ್ಲಿ 2022ರ ನವೆಂಬರಿನಲ್ಲಿ ಏನಾಯಿತು ಅಂತ ನೀವು ಓದಿದ್ದೀರಿ. ಮದುವೆಗೆ ಬಂದಿದ್ದ ನೆಂಟರ ಹೆಂಗಸು, ದಲಿತಳು, ಬಾಯಾರಿ ತೊಂಬೆಯ ನಲ್ಲಿಯಲ್ಲಿ ನೀರು ಕುಡಿದಳು. ತೊಂಬೆಯ ನೀರೆಲ್ಲ ಚೆಲ್ಲಿ ಗಂಜಲ ಹಾಕಿ ತೊಳೆದರು. ಪಂಕ್ತಿ ಸೇವೆಯ ಜಿಲ್ಲೆಯೂ ಇದೇ, ತೊಂಬೆ ತೊಳೆದ ಜಿಲ್ಲೆಯೂ ಇದೇ.

ಹಾಡು ಮುಗಿದವು. ಮೇಲಿನ ಚಿತ್ರ ಮಾಡಿಸಲು ಡಿಟಿಪಿ ಅಂಗಡಿಗೆ ಹೋದೆವು. ಬಾಬಾಸಾಹೇಬರ ಚಿತ್ರ, ಕೆಳಗೆ ಹೆಸರುಗಳು. ನಾನು ಹನ್ನೊಂದು ಹೆಸರು ಬರೆದು ಕೊಟ್ಟೆ, ಪ್ರತಿಯೊಬ್ಬರ ಮುಂದೆ ಅವರವರ ವಾದ್ಯ. ಅಂಗಡಿಯವನು ನೋಡಿ, 'ಇಷ್ಟೊಂದು ಹಿಡಿಸಲ್ಲ ಸಾರ್. ಹಾಡಿದೋರ ಹೆಸರು ಹಾಕಿ, ಮತ್ತು ಸಂಗಡಿಗರು ಅಂತ ಹಾಕ್ಬಿಡ್ಲಾ?' ಅಂದ.

ಪಾಪ, ಅವನಿಗೇನು ಗೊತ್ತು! ಎಲ್ಲರೂ ಹಾಗೇ ಹಾಕಿಸುತ್ತಾರೆ. ನಾನು ಮೂವತ್ತು ವರ್ಷದ ಹಿಂದಿನ ಹೈಸ್ಕೂಲು ಹುಡುಗನಾಗಿ ನಿಂತಿದ್ದೆ. ಬಾಯಿ ತೆರೆಯುವ ಮುಂಚೆ ಹಾಡಿದ ಅಕ್ಕನೇ ಹೇಳಿದರು. 'ನನ್ನ ಫೋಟೋ ತಗುದ್ಬುಡಿ, ಜಾಗ ಆಯ್ತದ.'

ಹನ್ನೊಂದು ಹೆಸರೂ ಕೂತವು. ಸರದಿ ಹೇಗಿರಬೇಕು ಅಂತ ಮತ್ತೆ ಮಾತು ಬಂತು. ಅಕಾರಾದಿಯಾಗಿ ಹಾಕಿದೆವು. ತಮಟೆಯ ಅಜ್ಜನ ಹೆಸರು ಎಲ್ಲರಿಗಿಂತ ಮೊದಲು ಬಂತು. ಯಾರೂ ತಕರಾರು ಮಾಡಲಿಲ್ಲ. ಅಕ್ಷರಮಾಲೆ ಮಾಡಿದ ನ್ಯಾಯ.

ಈ ಬರಹದಲ್ಲಿ ಚಿಕ್ಕಪ್ಪನ ಹೆಸರು ಯಾಕಿಲ್ಲ ಅಂತ ನೀವು ಕೇಳುವುದು ಸರಿ. ಬರೆಯಬೇಕೆಂದೇ ಇದ್ದೆ. ಅವನನ್ನು ಕೇಳಿದೆ. 'ಬ್ಯಾಡ. ಬರದದ್ದು ನಿನ್ ಕೆಲ್ಸ, ಅದ್ರ ಮ್ಯಾಲ ನಿನ್ನೆಸ್ರು ಇರ್ಲಿ. ನಾನ್ ಊದಿದ್ರ ಮ್ಯಾಲ ನನ್ನೆಸ್ರು ಅದಲ್ಲ, ಸಾಕು' ಅಂದ. ಆಮೇಲೆ ಟ್ರಂಕು ತೆಗೆದು ಹೊಸ ಚಿತ್ರದ ಕಾಗದವನ್ನು ಹಳೇ ಕ್ಯಾಸೆಟ್ಟಿನ ಪಕ್ಕದಲ್ಲಿ ಇಟ್ಟುಕೊಂಡ. ಇಡುವ ಮುಂಚೆ ನನ್ನ ಕೈಗೆ ಕೊಟ್ಟು, 'ನನ್ನೆಸ್ರು ಎಲ್ಲದ ತೋರ್ಸು ಮೊಗ' ಅಂದ.

ಬೆರಳಿಟ್ಟು ತೋರಿಸಿದೆ. ಈ ಸಲ ಸುಳ್ಳು ಹೇಳಬೇಕಾಗಲಿಲ್ಲ.